ವಡೆಯಲ್ಲ, ಗೋಳಿಬಜೆ

ಮಕ್ಕಳೇ, ನಿಮ್ಮ ದೊಡ್ಡಕ್ಕನ ಓದು ಮುಗಿದಿದೆ. ಇನ್ನು ನಿಮಗೆ ಹೇಳಬಹುದು. ಇಲ್ಲಿ ಬಹರೈನಿನಲ್ಲಿ ಅವಳು ಓದಿದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂದು ಗುಟ್ಟಿನ ಸಂಘವಿತ್ತು. ಹೊಸದಾಗಿ ಸೇರಿ, ಮನೆ ನೆನೆದು ಅಳುವ ಹುಡುಗಿಯ ಬೆಂಚಿನ ಮೇಲೆ ಯಾರಿಗೂ ಕಾಣದಂತೆ ತಿಂಡಿಯ ಡಬ್ಬಿ ಇಡುವುದೇ ಅದರ ಕೆಲಸ. ಒಪ್ಪಿಗೆಯಿಲ್ಲದೆ ಗುಂಪು ಕಟ್ಟುವುದು ಅಲ್ಲಿ ನಿಷಿದ್ಧ. ಗೊತ್ತಾದರೆ ಸಂಘ ಬಂದ್.

ಸಂಘದ ಚರಿತ್ರೆ ಸೀನಿಯರ್‌ಗಳ ಬಾಯಿಂದ ಬಾಯಿಗೆ ಬಂದಿತ್ತು. ಅದನ್ನು ಬರೆದಿಡಬೇಕೆಂದು ಅಕ್ಕನಿಗೆ ಆಸೆ. ಒಂದು ಶುಕ್ರವಾರ ಜಿಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ನಾನು ಬಸಳೆ ಸೋಸುತ್ತಿದ್ದಾಗ ನೋಟ್‌ಬುಕ್ ತಂದಿಟ್ಟಳು.

"ಅಜ್ಜಿ, ನಾನು ಹೇಳ್ತೇನೆ, ನೀವು ಕನ್ನಡದಲ್ಲಿ ಬರೀರಿ. ಅಲ್ಲಿ ಯಾರಿಗೂ ಓದ್ಲಿಕ್ಕೆ ಬರುದಿಲ್ಲ. ಫುಲ್ ಸೇಫ್!"

"ನಿನಗೂ ಬರುದಿಲ್ಲವಲ್ಲ ಮಗಾ!"

ನಿಮ್ಮ ಅಜ್ಜ ಹೋದ ಮೇಲೆ ಸಾಮಾನು ಚೀಟಿ ಬಿಟ್ಟರೆ ನಾನೇನೂ ಬರೆದಿರಲಿಲ್ಲ. ಆದರೂ ಹಳ್ಳಿ ಶಾಲೆಯ ದುಂಡಕ್ಷರ ಕೈ ಬಿಟ್ಟಿರಲಿಲ್ಲ. ಮೊದಲ ಸಾಲು ಹೀಗಿತ್ತು: 'ಅಳುತ್ತಿದ್ದ ಹುಡುಗಿಯೊಬ್ಬಳ ಬೆಂಚಿನ ಮೇಲೆ ಯಾರೋ ವಡೆಯ ಡಬ್ಬಿ ಇಟ್ಟಿದ್ದರು. ಯಾರೆಂದು ತಿಳಿಯಲೇ ಇಲ್ಲ. ಆ ಹುಡುಗಿಯೇ ಮುಂದೆ ಸಂಘ ಕಟ್ಟಿದಳು.'

ಎರಡು ತಿಂಗಳಾಗಿರಬೇಕು. ತಲೆನೋವೆಂದು ಕಾಲೇಜಿನ ನರ್ಸ್ ಕೋಣೆಗೆ ಹೋದ ಅಕ್ಕ ನೋಟ್‌ಬುಕ್ಕನ್ನು ಅಲ್ಲೇ ಮರೆತಳು. ಮರುದಿನ ನರ್ಸ್ ಅವಳನ್ನು ಕರೆಸಿ, "ಬರೆದವರನ್ನು ಕರ್ಕೊಂಡು ಬಾ," ಎಂದರಂತೆ.

ಹೋದೆ. ಅಪರಿಚಿತರ ಮುಂದೆ ನನಗೆ ಮಾತೇ ಹೊರಡುವುದಿಲ್ಲ, ನಿಮಗೆ ಗೊತ್ತಲ್ಲ. ನರೆತ ಕೂದಲಿನ ನರ್ಸ್ ನನ್ನ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

"ಕನ್ನಡ ಯಾರಿಗೂ ಬರುದಿಲ್ಲ ಅಂತ ಗ್ರಹಿಸಿದ್ರಾ? ಈ ಊರಲ್ಲಿ? ಹೂರಾದ ಅಂಗಡಿ ಎದುರು ನಿಂತು ಒಂದ್ಸಲ 'ಮಾರಾಯ್ರೆ' ಹೇಳಿ ನೋಡಿ, ನಾಲ್ಕು ಜನ ತಿರುಗ್ತಾರೆ!"

"ತಪ್ಪಾಯ್ತು," ಎಂದೆ. ಇವರು ಪ್ರಿನ್ಸಿಪಾಲರಿಗೆ ಕೊಟ್ಟರೆ ಎಲ್ಲ ಮುಗಿಯಿತು ಎಂದುಕೊಂಡು ಅಕ್ಕ ನನ್ನ ಸೆರಗು ಹಿಡಿದಿದ್ದಳು.

"ತಪ್ಪೇ. ಮೊದಲನೇ ಪುಟದಲ್ಲೇ ತಪ್ಪು. ವಡೆ ಅಲ್ಲ ಅಮ್ಮ, ಗೋಳಿಬಜೆ! ಕರಿದವಳು ನಾನು, ನನಗೆ ಗೊತ್ತಿಲ್ವಾ?"

ಅಕ್ಕ ಅವರನ್ನೇ ನೋಡಿದಳು. "ಆಂಟಿ, ಅದು ನೀವಾ?"

"ಆ ಹುಡುಗಿ ದಿನಾ ಇಲ್ಲಿ ಬಂದು ಹೊಟ್ಟೆನೋವು ಅಂತ ಅಳ್ತಿತ್ತು. ಹೊಟ್ಟೆಗೆ ಎಂತದೂ ಆಗಿರ್ಲಿಲ್ಲ."

ನನಗೆ ನಗು ಬಂತು. ನರ್ಸ್ ನನ್ನ ಕೈಗೆ ಪೆನ್ನು ಕೊಟ್ಟು, "ಸರಿ ಮಾಡಿ. 'ಯಾರೋ' ಅನ್ನುದು ಮಾತ್ರ ಹಾಗೇ ಇರ್ಲಿ," ಎಂದರು. 'ವಡೆ'ಯನ್ನು ಹೊಡೆದುಹಾಕಿ 'ಗೋಳಿಬಜೆ' ಎಂದು ಬರೆದೆ.

ನೋಟ್‌ಬುಕ್ ಈಗ ಅವರ ಔಷಧಿ ಕಪಾಟಿನಲ್ಲಿದೆ. ಅದಕ್ಕೆ ಬೀಗವೂ ಇದೆ, ಓದಬಲ್ಲವರ ಹತ್ತಿರವೇ ಕೀಲಿಯೂ ಇದೆ.