ಗೌರಮ್ಮನವರ ಪುಕ್ಕದ ಹುಳ

ಹೋದ ತಿಂಗಳು ನಮ್ಮ ಮೇಲಿನ ಮನೆಯ ನವೀನ ಉದ್ದನೆಯ ಪಾರ್ಸಲ್ ಒಂದನ್ನು ಬಗಲಲ್ಲಿ ಇರುಕಿಕೊಂಡು ಬಂದ. ಮೂವತ್ತು ದಾಟಿದ ಆಳು, ಆಫೀಸು ಬಿಟ್ಟರೆ ಮೆಟ್ರೋ, ಮೆಟ್ರೋ ಬಿಟ್ಟರೆ ಮನೆ. ನಮ್ಮ ಹಾಲ್‌ನಲ್ಲೇ ಕೂತು ಡಬ್ಬ ಬಿಚ್ಚಿದ. ಹೊಸ ನೈಲಾನ್ ದಾರದ ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ಕೂತಲ್ಲೇ ಕಾಮಾಕ್ಷಿಪಾಳ್ಯ ನೆನಪಾಯಿತು.

“ಅಂಕಲ್, ಮೀನು ಹಿಡಿಯೋ ರಾಡ್ ಜೊತೆ ಇಪ್ಪತ್ತು ಹುಳ ಫ್ರೀ ಕೊಟ್ಟಿದಾರೆ. ಆದ್ರೆ ಯಾವ ಕೆರೆಗೆ ಹೋಗ್ಬೇಕು ಅಂತ ಎಲ್ಲೂ ಬರೆದಿಲ್ಲ. ಒಳ್ಳೆ ಅಂಗಡಿ ಯಾವ್ದಾದ್ರೂ ಇದ್ರೆ ಹೇಳಿ.”

ಅವನು ಕೇಳಿದ್ದು ವಿಳಾಸ. ನನ್ನಂಥ ರಿಟೈರಾದ ಗುಮಾಸ್ತನನ್ನು ವಿಳಾಸ ಕೇಳಬಾರದು. ನಾನು ಗಂಟಲು ಸರಿಮಾಡಿಕೊಂಡ ಸದ್ದಿಗೇ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಅವಳಂತೆ ಎದ್ದು ಹೋಗುವ ಅನುಕೂಲ ನಿಮಗೂ ಇದೆ. ಕೂತರೆ ಸಂತೋಷ.

ಇದು ಎರೆಹುಳ ಸಿಕ್ಕಿಸಿಯೋ ಹಿಟ್ಟಿನುಂಡೆ ಮೆತ್ತಿಯೋ ಮೀನು ಹಿಡಿಯುವ ಬಗೆಯಲ್ಲ. ಸಣ್ಣ ಗಾಳಕ್ಕೆ ಪುಕ್ಕ, ದಾರ ಸುತ್ತಿ ಹುಳದ ಹಾಗೆ ಕಾಣುವಂತೆ ಮಾಡಿ, ಅದನ್ನು ನೀರಿನ ಮೇಲೆ ಹಗುರವಾಗಿ ಇಳಿಸಬೇಕು. ಮೀನು ಅದನ್ನು ನಿಜವಾದ ಹುಳ ಅಂತ ನಂಬಬೇಕು. ವರ್ಗವಾಗಿ ಹೋಗುತ್ತಿದ್ದ ಸಾಹೇಬರೊಬ್ಬರು ತಮ್ಮ ಹಳೇ ರಾಡನ್ನು ನನ್ನ ಕೈಗಿತ್ತು ಈ ಚಟ ಹತ್ತಿಸಿದರು. ನನ್ನ ಕೈಗುಣ ಎಂಥದೆಂದರೆ, ಮೊದಲ ವರ್ಷವೆಲ್ಲ ನಾನು ಹಿಡಿದದ್ದು ಎರಡು ಜಾಲಿಗಿಡ ಮತ್ತು ನನ್ನದೇ ಟೋಪಿ.

ಆಗಲೇ ಯಾರೋ ಶಿವಣ್ಣನವರ ಅಂಗಡಿ ತೋರಿಸಿದ್ದು. ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರಸ್ತೆಯಿಂದ ಒಳಕ್ಕೆ, ಕತ್ತರಿ ಸಾಣೆ ಹಿಡಿಯುವವನಿಗೂ ಗುಂಡಿ-ಜಿಪ್ಪು ಮಾರುವವನಿಗೂ ನಡುವೆ. ಅಸಲಿಗೆ ಅದು ಗಾರ್ಮೆಂಟ್ಸ್‌ನವರಿಗೆ ದಾರ ಮಾರುವ ಅಂಗಡಿ. ಯಾರೋ ನೈಲಾನ್ ದಾರ ಕೇಳಿದರು, ದಾರ ಒಯ್ದವರು ಗಾಳ ಕೇಳಿದರು, ಗಾಳ ಒಯ್ದವರು ಕೋಲು ಕೇಳಿದರು. ಹೀಗೆ, ಮೊಟ್ಟೆಯೂ ಹೊಸಿಲು ದಾಟದ ಮನೆಯವರು ಮೀನು ಹಿಡಿಯುವ ಸಾಮಾನಿನ ವ್ಯಾಪಾರಕ್ಕೆ ಇಳಿದುಬಿಟ್ಟಿದ್ದರು.

ಮೊದಲ ದಿನವೇ ನಾನೊಂದು ರೀಲು ಕೊಡಿ ಅಂದೆ. ಯಾವ ಕೆರೆಗೆ ಅಂತ ಶಿವಣ್ಣ ಕೇಳಿದರು. ಹೆಸರು ಹೇಳಿದೆ.

“ಅಲ್ಲಿ ಈಗ ನೊರೆ ಬಿಟ್ರೆ ಇನ್ನೇನೂ ಇಲ್ಲ ಸಾರ್. ಯಾಕೆ ಸುಮ್ನೆ ಖರ್ಚು? ಮಳೆ ಆಗ್ಲಿ, ಬನ್ನಿ, ಆಗ ಕೊಡ್ತೀನಿ.”

ಕೈಗೆ ಬಂದ ಗಿರಾಕಿಯನ್ನು ಹೀಗೆ ಸಾಗಹಾಕುವ ಅಂಗಡಿಯನ್ನು ನಾನು ಕಂಡಿರಲಿಲ್ಲ. ಆವತ್ತಿನಿಂದ ಬೇರೆ ಅಂಗಡಿ ಹತ್ತಲಿಲ್ಲ. ಸೋಮವಾರ ಸಂಜೆ ಅಲ್ಲೊಂದು ಬೆಂಚಿನ ಮೇಲೆ ನಾವು ನಾಲ್ಕೈದು ಜನ ಸೇರುತ್ತಿದ್ದೆವು. ಭಾನುವಾರ ಎಲ್ಲಿಗೆ ಹೋಗಿದ್ದೆ, ನೀರು ಹೇಗಿತ್ತು, ಗಾಳಿ ಯಾವ ಕಡೆಯದು, ಏನು ಬಿತ್ತು, ಇಷ್ಟನ್ನೂ ಶಿವಣ್ಣನವರಿಗೆ ಒಪ್ಪಿಸಬೇಕು. ಅದನ್ನೇ ಅವರು ಮುಂದಿನ ಗಿರಾಕಿಗೆ ಹೇಳುತ್ತಿದ್ದರು. ಆದ್ದರಿಂದ ಸುಳ್ಳಿಗೆ ಅಲ್ಲಿ ಜಾಗವಿರಲಿಲ್ಲ. ಯಾರಾದರೂ ಮೀನಿನ ಉದ್ದ ತೋರಿಸಲು ಎರಡು ಕೈ ಅಗಲಿಸಿದರೆ, ಶಿವಣ್ಣ ಅಳತೆಯ ಟೇಪು ತಂದು ಆ ಕೈಗಳ ನಡುವೆ ಹಿಡಿದುಬಿಡುತ್ತಿದ್ದರು. ಕೈ ತಾವಾಗಿಯೇ ಹತ್ತಿರ ಬರುತ್ತಿದ್ದವು.

ಒಂದೇ ಒಂದು ಸುಳ್ಳಿಗೆ ಮಾತ್ರ ಅಲ್ಲಿ ವಿನಾಯಿತಿ ಇತ್ತು. ಅದು ಗೌರಮ್ಮನವರಿಗೆ ಹೇಳುವ ಸುಳ್ಳು.

ಗೌರಮ್ಮ ಶಿವಣ್ಣನವರ ಮನೆಯವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ಬಸವೇಶ್ವರನಗರ, ವಿಜಯನಗರದಿಂದೆಲ್ಲ ಮದುವೆ ಸೀರೆಗಳು ಹುಡುಕಿಕೊಂಡು ಬರುತ್ತಿದ್ದವು, ಅಂಥ ಕೈ. ಒಮ್ಮೆ ಗಿರಾಕಿಯೊಬ್ಬ ಹರಿದುಹೋದ ಪುಕ್ಕದ ಹುಳವೊಂದನ್ನು ತಂದು, ಇದಕ್ಕೆ ಹೊಂದುವ ದಾರ ಇದೆಯೇ ಅಂದ. ಗೌರಮ್ಮ ಅದನ್ನು ತಿರುಗಿಸಿ ನೋಡಿ, ಇದೇನು ಮಹಾ ಅಂದುಕೊಂಡು, ಸಂಜೆಯೊಳಗೆ ಹೊಸದೊಂದನ್ನು ಕಟ್ಟಿಬಿಟ್ಟರು. ಅಲ್ಲಿಂದ ಶುರು. ಕೋಳಿ ಅಂಗಡಿಯಿಂದ ಶಿವಣ್ಣ ಪುಕ್ಕ ತರಬೇಕು, ಮೂರು ಸಲ ಸೀಗೆಪುಡಿಯಲ್ಲಿ ತೊಳೆಯಬೇಕು, ಬಿಸಿಲಲ್ಲಿ ಒಣಗಿಸಬೇಕು. ಆಮೇಲೆಯೇ ಅವರು ಮುಟ್ಟುತ್ತಿದ್ದುದು.

ಎಂಥ ಹುಳಗಳು ಅಂತೀರಿ! ಹೊಟ್ಟೆಗೆ ರೇಷ್ಮೆ, ಸೊಂಟಕ್ಕೆ ಜರಿ, ಕತ್ತಿನ ಸುತ್ತ ಕೆಂಪು ಪುಕ್ಕ, ಬಾಲಕ್ಕೊಂದು ಪುಟ್ಟ ಕುಚ್ಚು. ಹುಳಕ್ಕೇ ಮದುವೆ ಮಾಡಿದಂತೆ ಇರುತ್ತಿದ್ದವು. ತೊಂದರೆ ಇಷ್ಟೇ, ನಮ್ಮ ಕೆರೆಗಳಲ್ಲಿ ಅಂಥ ಹುಳ ಇರುವುದಿಲ್ಲ. ಮೀನು ಹತ್ತಿರ ಬರುತ್ತಿತ್ತು, ನೋಡುತ್ತಿತ್ತು, ತಿರುಗಿ ಹೋಗುತ್ತಿತ್ತು. ಆರು ವರ್ಷದಲ್ಲಿ ಒಂದು ಮೀನೂ ಅದಕ್ಕೆ ಬಾಯಿ ಹಾಕಿರಲಿಲ್ಲ.

ಇದನ್ನು ಹೇಳುವವರು ಯಾರು? ಮೊದಲು ಕೊಂಡವನನ್ನು ಅವರು ಆಸೆಯಿಂದ ಕೇಳಿದರಂತೆ. ಅವನು ಮುಖ ನೋಡಿ, “ಎರಡು ಗೆಂಡೆ ಮೀನು ಬಿತ್ತಮ್ಮ” ಅಂದನಂತೆ. ಅಷ್ಟಾದ ಮೇಲೆ ನಾವೆಲ್ಲ ಅದೇ ದಾರಿ ಹಿಡಿದೆವು. ಸೋಮವಾರ ಒಳಗಿನಿಂದ ಅವರು ಇಣುಕಿದ ತಕ್ಷಣ ಬೆಂಚಿನ ಮೇಲೆ ಮೂರು, ಐದು ಎಂದು ಮೀನು ಬೀಳುತ್ತಿದ್ದವು. ಶಿವಣ್ಣ ಆ ಹೊತ್ತಿಗೆ ಸರಿಯಾಗಿ ದಾರದುಂಡೆ ಎಣಿಸಲು ಬಗ್ಗುತ್ತಿದ್ದರು. ಇದನ್ನು ನಾನು ಒಳ್ಳೆಯತನ ಅಂದುಕೊಂಡಿದ್ದೆ.

ಒಂದು ಸೋಮವಾರ ಗೌರಮ್ಮ ಕಾಫಿ ಕೊಡುತ್ತಾ, “ನಿಮ್ ಜೊತೆ ಒಂದ್ಸಲ ಬರ್ತೀನಿ ಕಣ್ರೀ. ಇಷ್ಟು ವರ್ಷ ಕಟ್ಟಿದೀನಿ, ಮೀನು ಹೆಂಗ್ ಬರುತ್ತೆ ಅಂತ ನೋಡೇ ಇಲ್ಲ” ಅಂದರು.

ಅವರು ಒಳಗೆ ಹೋದ ಮೇಲೆ ಶಿವಣ್ಣ ನನ್ನ ಹತ್ತಿರ ಬಗ್ಗಿ, “ಸಾರ್, ಊರೋರೆಲ್ಲ ಸೇರಿ ಆಡ್ಕೊಂಡ್ರು ಅಂತ ಅವಳಿಗೆ ಅನ್ನಿಸ್ಬಾರ್ದು. ಹೆಂಗಾದ್ರೂ ಮಾಡಿ” ಅಂದರು. ಆ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ.

ಭಾನುವಾರ ಬೆಳಗ್ಗೆ ನನ್ನ ಹಳೇ ಕಾರಿನಲ್ಲಿ ಮೂವರೂ ಹೊರಟೆವು. ಮಾಗಡಿ ಕಡೆ ಒಂದು ಕೆರೆ, ಮೀನು ಗುತ್ತಿಗೆ ಹಿಡಿದವನು ಪರಿಚಯದವನು. ಗೌರಮ್ಮ ಚಿತ್ರಾನ್ನ ಕಟ್ಟಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ನಾನೂ ಶಿವಣ್ಣನೂ ಒಂದು ಉಪಾಯ ಮಾಡಿಕೊಂಡಿದ್ದೆವು. ಗೌರಮ್ಮ ಮರದಡಿ ಕೂತಿರುತ್ತಾರೆ, ನಾನು ದೂರದಲ್ಲಿ ನಿಂತು ನನ್ನದೇ ಕಂದು ಬಣ್ಣದ ಮುರುಕಲು ಹುಳ ಎಸೆಯುವುದು, ಬಿದ್ದ ಮೀನನ್ನು ಅವರ ಹುಳದ ಹೆಸರಿಗೆ ಬರೆಯುವುದು.

ಉಪಾಯ ಫಲಿಸಿತು. ಹತ್ತು ನಿಮಿಷದಲ್ಲಿ ಅಂಗೈ ಅಗಲದ ಜಿಲೇಬಿ ಮೀನೊಂದು ಬಿತ್ತು. “ನೋಡೇ, ನಿನ್ ಹುಳಕ್ಕೇ ಬಿತ್ತು” ಅಂತ ಶಿವಣ್ಣ ಕೂಗಿದರು. ಗೌರಮ್ಮ ಎದ್ದು ಬಂದೇ ಬಿಟ್ಟರು.

ಗಾಳ ಮೀನಿನ ಮೇಲ್ದುಟಿಯನ್ನು ಹಾದು ಕಣ್ಣಿನ ಹತ್ತಿರ ಹೊರಬಂದಿತ್ತು. ಸ್ವಲ್ಪ ರಕ್ತ. ಮೀನು ನನ್ನ ಕೈಯಲ್ಲಿ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು.

“ಬಿಡಿ ಅದನ್ನ,” ಅಂದರು ಗೌರಮ್ಮ.

ಬಿಡಿಸಿ ನೀರಿಗೆ ಬಿಟ್ಟೆ. ಗೌರಮ್ಮ ಏರಿಯ ಕಲ್ಲಿನ ಮೇಲೆ ಕೂತುಬಿಟ್ಟರು.

“ಗಾಳ ಅಂದ್ಮೇಲೆ ಚುಚ್ಚದೆ ಇರುತ್ತಾ. ಗೊತ್ತಿತ್ತು. ನೋಡಿರಲಿಲ್ಲ, ಅಷ್ಟೆ.” ನನ್ನ ಕಡೆ ತಿರುಗಿ, “ನೀವು ಯುಗಾದಿ ಆದ ವಾರ ಮೂರು ಅಂದ್ರಿ. ಬಾಪೂಜಿನಗರದ ಆ ಎಲೆಕ್ಟ್ರಿಷಿಯನ್ನು ಗೌರಿ ಹಬ್ಬಕ್ಕೆ ಮುಂಚೆ ಐದು ಅಂದ್ರು. ಎಲ್ಲಾ ನೆನಪಿದೆ ನಂಗೆ. ಕುಚ್ಚು ಕಟ್ಟೋವಾಗ ನೆನೆಸ್ಕೊಂಡು ಖುಷಿ ಪಡ್ತಿದ್ದೆ. ಅಷ್ಟು ಮೀನಿಗೂ ಹಿಂಗೇ ಆಗಿರುತ್ತೆ” ಅಂದರು.

ನಾವು ಆರು ವರ್ಷ ಅವರಿಗೆ ಕೊಟ್ಟಿದ್ದು ಇದನ್ನು. ಶಿವಣ್ಣ ನನ್ನ ಕಡೆ ನೋಡಿದರು. ನನಗೆ ನಾಚಿಕೆಯಾಯಿತು.

“ಗೌರಮ್ಮ, ನಿಮ್ಮ ಹುಳಕ್ಕೆ ಒಂದು ಮೀನೂ ಬಿದ್ದಿಲ್ಲ. ಇವತ್ತು ಬಿದ್ದದ್ದೂ ನಿಮ್ಮದಕ್ಕಲ್ಲ. ನಾವೆಲ್ಲ ಸುಳ್ಳು ಹೇಳ್ತಿದ್ವಿ,” ಅಂದೆ.

ಅವರು ತಲೆ ಅಲ್ಲಾಡಿಸಿದರು. “ನೀವು ಒಳ್ಳೆಯವರು. ನನ್ನ ಸಮಾಧಾನಕ್ಕೆ ಹೇಳ್ತೀರಿ.”

ಆಣೆ ಇಟ್ಟೆ. ಶಿವಣ್ಣನೂ ಇಟ್ಟರು. ನಂಬಲಿಲ್ಲ. ಯಾಕೆ ನಂಬಬೇಕು ಹೇಳಿ? ನಾವು ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೆವು.

ಆಗ ನನಗೆ ಉಳಿದದ್ದು ಒಂದೇ ದಾರಿ. ಅವರ ಕಣ್ಣೆದುರೇ ಅವರ ಹುಳ ದಾರಕ್ಕೆ ಕಟ್ಟಿ ಎಸೆದೆ. ಗಾಳಿ ಇರಲಿಲ್ಲ, ದಡದ ನೀರು ತಿಳಿಯಾಗಿತ್ತು. ಒಂದು ಮೀನು ಬಂತು, ನೋಡಿತು, ಹೋಯಿತು. ಇನ್ನೊಂದು ಬಂತು, ಮೂಗು ತಾಗುವಷ್ಟು ಹತ್ತಿರ ಬಂದು ಸರಕ್ಕನೆ ಹಿಂದೆ ಸರಿಯಿತು. ಕೆಂಪು, ಹಳದಿ, ಹಸಿರು, ಪೆಟ್ಟಿಗೆಯಲ್ಲಿದ್ದ ಒಂದೊಂದನ್ನೂ ಎಸೆದೆ. ಬಿಸಿಲು ನೆತ್ತಿಗೇರಿತು, ಭುಜ ಕಿತ್ತುಬರುವಂತಾಯಿತು. ನನ್ನ ಜನ್ಮದಲ್ಲಿ ಮೀನು ಬೀಳದಿರಲಿ ಅಂತ ನಾನು ಬೇಡಿಕೊಂಡದ್ದು ಅದೇ ಮೊದಲು. ಗೌರಮ್ಮ ಮೆಲ್ಲಗೆ ಎದ್ದು ನೀರಿನ ಅಂಚಿಗೆ ಬಂದರು.

“ಬಂತು… ಬಂತು… ಹೋಯ್ತು,” ಅಂದರು. ಮತ್ತೆ, “ಹೋಯ್ತು ನೋಡಿ.” ಮುಖದ ಗಂಟು ಸಡಿಲವಾಗುತ್ತಾ ಬಂತು. ಇಪ್ಪತ್ತನೆಯದೋ ಏನೋ ತಿರುಗಿ ಹೋದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಲ್ಲ ಕಣ್ರೀ, ಅಷ್ಟೊಂದು ಕೆಟ್ಟದಾಗಿದಾವಾ?” ಅಂದರು.

ಮೂವರೂ ನಕ್ಕೆವು. ಚಿತ್ರಾನ್ನ ತಿಂದು ವಾಪಸ್ಸು ಬಂದೆವು.

ಆಮೇಲೆ ನಾನು ಮೀನು ಹಿಡಿಯುವುದನ್ನೇ ಬಿಟ್ಟೆ ಅಂದರೆ ನೀವು ಮೆಚ್ಚಿಕೊಳ್ಳುತ್ತೀರಿ. ಬಿಡಲಿಲ್ಲ. ಗೌರಮ್ಮನೂ ಹುಳ ಕಟ್ಟುವುದನ್ನು ಬಿಡಲಿಲ್ಲ, ಜರಿ ಎರಡು ಸುತ್ತು ಜಾಸ್ತಿಯೇ ಆಯಿತು. ಮಿಕ್ಕ ಗಾಳ ಮಾರುವುದು ಅವರ ಯಜಮಾನರ ಪಾಪವಂತೆ, ಅದನ್ನು ಅವರೇ ನೋಡಿಕೊಳ್ಳುತ್ತಾರಂತೆ. ನಾನು ಪ್ರತಿ ಭಾನುವಾರ ಕೆರೆಯಿಂದ ಹೊರಡುವ ಮುಂಚೆ ಅರ್ಧ ಗಂಟೆ ಅವರ ಹುಳ ಎಸೆಯುತ್ತೇನೆ. ಸೋಮವಾರ ಅವರು ಇಣುಕಿ, “ಬಿದ್ದಿಲ್ಲ ತಾನೇ?” ಅಂತ ಕೇಳುತ್ತಾರೆ. “ಬಿದ್ದಿಲ್ಲಮ್ಮ” ಅನ್ನುತ್ತೇನೆ. ಎಷ್ಟೋ ವರ್ಷ ಅದು ಅಪ್ಪಟ ನಿಜವಾಗಿತ್ತು, ಹೇಳಲು ಹಾಯಾಗಿತ್ತು.

ನವೀನನಿಗೆ ಇದನ್ನೆಲ್ಲ ಹೇಳಿ ವಿಳಾಸ ಬರೆದುಕೊಟ್ಟೆ. ಅದರ ಮುಂದಿನ ಭಾನುವಾರ, ಮೋಡ ಕವಿದಿತ್ತು, ಕೆರೆಯಲ್ಲಿ ನಾನೊಬ್ಬನೇ. ಕೊನೆಯ ಅರ್ಧ ಗಂಟೆ ಗೌರಮ್ಮನವರ ಹುಳ ನೀರಿಗಿಳಿಯಿತೋ ಇಲ್ಲವೋ, ರಾಡು ಬಿಲ್ಲಿನಂತೆ ಬಾಗಿತು. ಕಾಲು ಗಂಟೆ ಒದ್ದಾಡಿಸಿ ಬಂದದ್ದು ಗೆಂಡೆ, ನನ್ನ ಮೊಣಕೈಯಿಂದ ಬೆರಳ ತುದಿಯವರೆಗೂ ಇತ್ತು. ಇಷ್ಟು ವರ್ಷದಲ್ಲಿ ಇಂಥ ಮೀನು ನನ್ನ ಕೈಗೆ ಬಂದಿರಲಿಲ್ಲ, ಇನ್ನು ಬರುವ ವಯಸ್ಸೂ ಅಲ್ಲ. ಬಾಯಿಯಿಂದ ಜರಿಯ ಎಳೆ ಬಿಡಿಸಿ ನೀರಿಗೆ ಬಿಟ್ಟೆ. ಮನೆಯವರೆಗೂ ಒಬ್ಬನೇ ನಗುತ್ತಾ ಕಾರು ಓಡಿಸಿದೆ.

ಮಾರನೆ ದಿನ ಬೆಂಚು ತುಂಬಿತ್ತು, ನವೀನನೂ ಇದ್ದ. ಗೌರಮ್ಮ ಇಣುಕಿದರು.

“ಬಿದ್ದಿಲ್ಲ ತಾನೇ?”

ಬಾಯಿತನಕ ಬಂದ ಗೆಂಡೆಯನ್ನು ನುಂಗಿಕೊಂಡೆ.

“ಇಲ್ಲಮ್ಮ,” ಅಂದೆ. “ಬಂತು, ನೋಡಿತು, ಹೋಯಿತು.”