ಒಂಬತ್ತು ತುಂಡಾದ ಸೆರಗು

ಕಸೂತಿಯ ದಾರಕ್ಕೆ ಗಂಟು ಹಾಕುವುದಿಲ್ಲ. ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು ಗೆರೆ ತುಂಬುತ್ತದೆ. ನಡುವೆ ಕತ್ತರಿ ಆಡಿಸಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಧಾರವಾಡದವರಿಗೆ ಇದನ್ನೂ ಹೇಳಿಕೊಡಬೇಕೆ?

ಕೆಲಗೇರಿಯ ಮುರಿಗೆವ್ವನಿಗೆ ಆಟಿಸಂ ಇದೆಯೆಂದು ಡಾಕ್ಟರು ಹೇಳುವ ಹೊತ್ತಿಗೆ ಅವಳಿಗೆ ಇಪ್ಪತ್ತಾರು ವರ್ಷ. ಅಲ್ಲಿಯವರೆಗೆ ಓಣಿ ಅವಳನ್ನು ಹುಚ್ಚಿ ಎನ್ನುತ್ತಿತ್ತು, ಆಮೇಲೂ ಅಂದಿತು. ಮಾತು ಕಡಿಮೆ. ಎಳೆ ಎಣಿಸುತ್ತ ಕೂತರೆ ಊಟದ ನೆನಪಿಲ್ಲ. ಖಾನಾವಳಿಗೆ ರೊಟ್ಟಿ ಬಡಿದು ಸಾಕಿದ ತಾಯಿ ಶೇವಂತೆವ್ವನಿಗೆಂದು ಕರಿ ಸೀರೆಯ ಸೆರಗಿನಲ್ಲಿ ಏಳು ವರ್ಷ ಗೋಪುರ, ಆನೆ, ತೊಟ್ಟಿಲು ತುಂಬಿದಳು. ಅವ್ವ ಅದನ್ನು ಉಡಬೇಕು, ಅಷ್ಟೇ.

೨೦೦೩ರಲ್ಲಿ ಪರವೂರಿನ ಡಿಸೈನ್ ಮ್ಯೂಸಿಯಂ ಒಂದರವರು ಬಂದರು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಪ್ರದರ್ಶನಕ್ಕಿಟ್ಟು ಹದಿನೈದು ದಿನದಲ್ಲಿ ಮರಳಿಸುತ್ತೇವೆ ಎಂದು ಸೀರೆ ಒಯ್ದರು. ಮುರಿಗೆವ್ವ ಕೈಬಿಡಲೊಲ್ಲಳು. ಶೇವಂತೆವ್ವನೇ ಬಿಡಿಸಿ ಕೊಟ್ಟಳು. ಮಗಳು ಹುಚ್ಚಿಯಲ್ಲ ಎಂಬುದನ್ನು ನಾಲ್ಕು ಮಂದಿ ನೋಡಲಿ ಎಂಬ ಆಸೆ.

"ನಿನ್ನ ಮಗಳು ಪೇಪರಿನ್ಯಾಗ ಬಂದಾಳಲ್ಲ ಯವ್ವಾ!" ಎಂದಳು ನೆರೆಮನೆಯ ಹೊಳೆವ್ವ. "ನಮ್ಮ ಶಾಣ್ಯಾ ಮಕ್ಕಳ ಹೆಸರು ರೇಶನ್ ಕಾರ್ಡ್ ದಾಟಿಲ್ಲ ನೋಡು."

ತಾಯಿ ಮಗಳು ಪ್ರದರ್ಶನ ನೋಡಲು ಬಂದ ದಿನ ನಾನೂ ಅಲ್ಲಿ ನೋಡುಗರ ನಡುವೆ ಇದ್ದೆ. ಗೋಡೆಯ ಮೇಲೆ ಒಂಬತ್ತು ಗಾಜಿನ ಚೌಕಟ್ಟು. ಶೇವಂತೆವ್ವ ಸುತ್ತ ನೋಡಿ ಕೇಳಿದಳು: "ಅಕ್ಕಾರ, ನನ್ನ ಸೀರಿ ಎಲ್ಲೈತ್ರಿ?"

"ಸೆರಗು ಇಲ್ಲೇ ಅದ ಅಲ್ರಿ ಅಮ್ಮಾರ," ವ್ಯವಸ್ಥಾಪಕಿ ರಾಜೇಶ್ವರಿ ನಕ್ಕರು. "ಅಷ್ಟುದ್ದ ಇದ್ರ ಯಾರ ಮನ್ಯಾಗ ಹಚ್ಚಾಕ ಬರ್ತದ? ಕತ್ತರಿಸಿ ಫ್ರೇಮ್ ಹಾಕಿಸಿದ್ವಿ. ಏಳು ಆಗಲೇ ಮಾರಿ ಹೋದ್ವು. ಖುಷಿ ಪಡ್ರಿ."

"ನೋಡಾಕ ಕೊಟ್ಟಿದ್ನಿರಿ. ಹರ್ಯಾಕ ಕೊಟ್ಟಿದ್ದಿಲ್ಲ."

ಮುರಿಗೆವ್ವ ಗಾಜಿಗೆ ಮೂಗು ಹಚ್ಚಿ ನಿಂತಿದ್ದಳು. ಕತ್ತರಿಸಿದ ಅಂಚಿನಲ್ಲಿ ಆನೆಯ ಬೆನ್ನಿನ ದಾರ ಎದ್ದಿತ್ತು. "ಅವ್ವಾ, ಬಿಚ್ಚಾಕತ್ತೈತಿ," ಎಂದಳು. ದನಿ ಏರಿಸಿ ಮತ್ತೆ ಅದನ್ನೇ ಎಂದಳು. ಗಾಜು ಬಡಿಯತೊಡಗಿದಾಗ ಕಾವಲಿನವನು ರಟ್ಟೆ ಹಿಡಿದು ಹೊರಗೆ ಹಾಕಿದ. ಬಾಗಿಲಲ್ಲಿ ಅವಳದೇ ಫೋಟೊ, ಕೆಳಗೆ 'ವಿಶೇಷ ಮನಸ್ಸಿನ ಕಲಾವಿದೆ' ಎಂಬ ಬರಹ. ನೋಡುತ್ತಿದ್ದ ನಾವೆಲ್ಲ ಮುಂದಿನ ಚೌಕಟ್ಟಿಗೆ ಸರಿದೆವು.

ಮಾರದೆ ಉಳಿದ ಎರಡನ್ನು ಶೇವಂತೆವ್ವ ಜಗಳವಾಡಿ ತಂದಳು. ಮೂರು ವರ್ಷವಾಯಿತು. ಮುರಿಗೆವ್ವ ಅವನ್ನು ತೊಡೆಯ ಮೇಲೆ ಹರಡಿ ಅಂಚಿಗೆ ಅಂಚು ಹೊಂದಿಸಿ ನೋಡುತ್ತಾಳೆ. ಹೊಂದುವುದಿಲ್ಲ, ಅವು ಅಕ್ಕಪಕ್ಕದ ತುಂಡುಗಳಲ್ಲ. ಬೇರೆ ಅರಿವೆ ಕೊಟ್ಟರೆ ಮುಟ್ಟುವುದಿಲ್ಲ. "ನಾನ ಕೊಟ್ನಿರಿ, ನನ್ನ ಕೈಯಾರ ಕೊಟ್ನಿ," ಎಂದು ಶೇವಂತೆವ್ವ ಬಂದವರೆದುರೆಲ್ಲ ಅನ್ನುತ್ತಾಳೆ.

ಕೊಂಡವರ ಹೆಸರು ಹೇಳಲು ಸಂಘಟಕರು ಒಪ್ಪಲಿಲ್ಲ. ಆದರೆ ಪ್ರದರ್ಶನ ನಡೆದದ್ದು ಹುಬ್ಬಳ್ಳಿಯಲ್ಲಿ; ಕೊಂಡವರು ಹುಬ್ಬಳ್ಳಿ-ಧಾರವಾಡದ ಈ ಅವಳಿ ಊರಿನವರೇ, ಈ ಪತ್ರಿಕೆ ಓದುವವರೇ. ಏಳಿ, ಆ ತುಂಡನ್ನು ಗೋಡೆಯಿಂದ ಇಳಿಸಿ. ಕೆಲಗೇರಿಗೆ ಒಯ್ದು ಮುರಿಗೆವ್ವನ ಕೈಗೆ ಕೊಡಿ.