ಅಕ್ಕನ ಹುಟ್ಟಿದ ದಿನ

ಅಕ್ಕನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹದಿನೈದು ವರ್ಷ ಪೊರಕೆ ಹಿಡಿದು, ಬ್ಲೀಚಿಂಗ್ ಪೌಡರ್ ಎರಚಿ ಆ ಬೆರಳು ಸವೆದು ನುಣ್ಣಗಾಗಿತ್ತು. ಬೆಳಿಗ್ಗೆ ಕೆಂಪಾಪುರದ ಮೂಲೆಯಲ್ಲಿ ಹಾಜರಿ ಯಂತ್ರದ ಮೇಲೆ ಬೆರಳಿಟ್ಟರೆ ಕೆಂಪು ದೀಪ ಹತ್ತುತ್ತಿತ್ತು. ಎಣ್ಣೆ ಹಚ್ಚಿದ ತಲೆಗೂದಲಿಗೆ ಬೆರಳನ್ನು ಉಜ್ಜಿ ಅಕ್ಕ ಮತ್ತೆ ಒತ್ತುತ್ತಿದ್ದಳು. "ಯಾಕಪ್ಪಾ, ನಿನ್ನೆ ತಾನೆ ಬಂದಿದ್ನಲ್ಲ, ಆಗ್ಲೇ ಮರ್ತೋದ್ಯಾ?" ಎಂದು ಯಂತ್ರವನ್ನೇ ಕೇಳುತ್ತಿದ್ದಳು. ಹಿಂದೆ ಸಾಲಿನಲ್ಲಿ ನಿಂತವರು ನಗುತ್ತಿದ್ದರು.

ಅವಳು ರಸ್ತೆ ಗುಡಿಸುವವಳು. ಕಂಟ್ರಾಕ್ಟ್ ಕೆಲಸ. ಗುಡಿಸುವಾಗ ಮಕ್ಕಳ ಒಂಟಿ ಚಪ್ಪಲಿಯೋ ಒಂದು ಓಲೆಯೋ ಸಿಕ್ಕರೆ ಕಸದ ಗಾಡಿಗೆ ಹಾಕುತ್ತಿರಲಿಲ್ಲ. ಹತ್ತಿರದ ಕಾಂಪೌಂಡ್ ಗೋಡೆಯ ಮೇಲೆ ಕಣ್ಣಿಗೆ ಬೀಳುವ ಹಾಗೆ ಇಟ್ಟು ಬರುತ್ತಿದ್ದಳು. "ಬಿಸಾಕೇ, ಅದಕ್ಯಾರು ಬರ್ತಾರೆ" ಎಂದು ಜೊತೆಯವರು ರೇಗಿಸಿದರೆ, "ಅವ್ರದ್ದು ಅವ್ರಿಗೆ ಸಿಗ್ಲಿ ಬಿಡ್ರೇ, ನಮ್ಗೇನ್ ಭಾರವಾ" ಎನ್ನುತ್ತಿದ್ದಳು.

ನಮ್ಮದು ಜಕ್ಕೂರಿನ ಹಳೇ ಊರು. ನಾನು ಕೈಗೂಸಾಗಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ದ್ರಾಕ್ಷಿ ತೋಟದ ಕೂಲಿಗೆ ಹೋಗುತ್ತಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಹಾಗಾಗಿ ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ನಾನು ಏಳನೆಯ ಕ್ಲಾಸಿನವರೆಗೆ ಹೋದೆ. ಸಂಜೆ ನನ್ನನ್ನು ಕರೆದುಕೊಂಡು ಬರುವಾಗ ದಾರಿಯ ಅಂಗಡಿ ಬೋರ್ಡುಗಳನ್ನೆಲ್ಲ ನನ್ನಿಂದ ಜೋರಾಗಿ ಓದಿಸುತ್ತಿದ್ದಳು. ಎದುರಿಗೆ ಬಂದವರಿಗೆಲ್ಲ, "ನಮ್ ಮಗೀಗೆ ಎಲ್ಲಾ ಓದಕ್ ಬತ್ತದೆ" ಎನ್ನುತ್ತಿದ್ದಳು.

ಓದು ಬಾರದ ಅವಳಿಗೆ ಒಂದು ಹೆಮ್ಮೆ ಇತ್ತು. ಅಕ್ಕ ಹುಟ್ಟುವಾಗ ಹೆರಿಗೆ ಕಷ್ಟವಾಗಿ ಅವ್ವನನ್ನು ಯಲಹಂಕದ ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಕರೆದೊಯ್ದಿದ್ದರಂತೆ. ನಾನು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದೆ. ನಾನು ಜಗಳಕ್ಕೆ ನಿಂತಾಗಲೆಲ್ಲ ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ಲೇ, ನಾನು ಆಸ್ಪತ್ರೆಲಿ ಉಟ್ಟೋಳು ಕಣೆ, ಡಾಕ್ಟ್ರು ಎತ್ಕೊಂಡೋರು. ನೀನು ಚಾಪೆ ಮೇಲ್ ಉಟ್ಟೋಳು. ನನ್ ಸಮಕ್ಕೆ ಬರ್ತಿಯಾ?" ಎನ್ನುತ್ತಿದ್ದಳು. ಅಲ್ಲಿಗೆ ಜಗಳ ಮುರಿದು ನಗು ಬರುತ್ತಿತ್ತು.

ಅವಳ ಆ ಒಂದು ಹೆಮ್ಮೆಯನ್ನೇ ನಾನು ಕದ್ದೆ. ಹೇಗೆಂದು ಹೇಳುತ್ತೇನೆ.

ನನಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಕುವೈತಿಗೆ ಮನೆಗೆಲಸಕ್ಕೆ ಹೋಗುವ ಆಸೆ ಹುಟ್ಟಿತು. ಕಳಿಸುವವನು ಆರ್.ಟಿ. ನಗರದಲ್ಲಿದ್ದ. ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು, ಹೆಂಗಸರಿಗೆ ಮೂವತ್ತು ತುಂಬಿರಬೇಕು ಎಂದ. ಅವ್ವನನ್ನು ಕರೆದುಕೊಂಡು ಜನನ ಮರಣ ನೋಂದಣಿ ಕಚೇರಿಗೆ ಹೋದೆ. ಗುಮಾಸ್ತರು ನಮ್ಮ ಅಪ್ಪ ಅವ್ವನ ಹೆಸರು ಕೇಳಿ ಹಳೆಯ ಪುಸ್ತಕ ತೆಗೆದು ಹುಡುಕಿದರು. ನಾನು ಹುಟ್ಟಿದ ವರ್ಷದಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಹುಟ್ಟಿದ್ದನ್ನು ಯಾರೂ ಹೋಗಿ ಬರೆಸಿರಲಿಲ್ಲ. ಅವರು ಹಿಂದಿನ ವರ್ಷಗಳನ್ನೂ ತಿರುವಿ ಒಂದು ಕಡೆ ಬೆರಳಿಟ್ಟರು.

"ನಾಲ್ಕು ವರ್ಷ ಹಿಂದೆ ಒಂದಿದೆ ನೋಡಿ. ಅಪ್ಪ ಅಮ್ಮನ ಹೆಸರು ಇದೇ. ಹೆಣ್ಣು ಮಗು ಅಂತ ಮಾತ್ರ ಬರೆದಿದಾರೆ, ಮಗೂ ಹೆಸರು ಸೇರ್ಸಿಲ್ಲ. ಇದು ನೀವೇನಾ?"

ಆಗ ನಮ್ಮ ಕಡೆ ಮಗುವಿಗೆ ತಕ್ಷಣ ಹೆಸರಿಡುತ್ತಿರಲಿಲ್ಲ. ಆಸ್ಪತ್ರೆಯವರು ಹೆಣ್ಣು, ಗಂಡು ಎಂದಷ್ಟೇ ಬರೆದು ಕಳಿಸುತ್ತಿದ್ದರು. ಆಮೇಲೆ ಹೋಗಿ ಹೆಸರು ಸೇರಿಸಬೇಕೆಂದು ನಮ್ಮಂಥವರಿಗೆ ಯಾರೂ ಹೇಳಿರಲಿಲ್ಲ. ಆ ಮಗು ಯಾರೆಂದು ನನಗೆ ಗೊತ್ತಿತ್ತು. ಹೌದು, ನಾನೇ ಎಂದೆ.

ಅವ್ವ ನನ್ನ ಮುಖ ನೋಡಿದಳು. ಗುಮಾಸ್ತರು ಮಸಿ ಪ್ಯಾಡ್ ಮುಂದೆ ತಳ್ಳಿದರು. ಅವಳು ಹೆಬ್ಬೆಟ್ಟು ಒತ್ತಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು: "ಅದು ದೊಡ್ಡೋಳ್ದು ಅಲ್ವೇನೆ?"

"ಅವ್ಳಿಗ್ಯಾಕವ್ವಾ ಬೇಕು ಅದು? ಅವ್ಳೇನ್ ಓದಿದಾಳಾ, ದೇಶ ಬಿಟ್ಟು ಓಗ್ತಾಳಾ?" ಎಂದೆ.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ತರಕಾರಿ ಹೆಚ್ಚುವಾಗ, ಬಟ್ಟೆ ಒಣಹಾಕುವಾಗ, ಯಾರೂ ಇಲ್ಲದ ಮನೆಯಲ್ಲಿ ನನ್ನ ಗಂಟಲೇ ಅದನ್ನು ಹೇಳಿದಂತಾಗಿ ಹಿಂದೆ ತಿರುಗಿ ನೋಡುತ್ತೇನೆ.

ಕುವೈತಿಗೆ ನಾನು ಹೋಗಲೇ ಇಲ್ಲ. ಕಳಿಸುತ್ತೇನೆಂದವನು ಒಂದು ದಿನ ಬಾಗಿಲು ಹಾಕಿಕೊಂಡು ಹೋದ. ಪ್ರಮಾಣಪತ್ರ ಮಾತ್ರ ನನ್ನ ಹೆಸರಿನಲ್ಲಿ ಉಳಿಯಿತು. ಅದರ ಮೇಲೆಯೇ ಆಧಾರ್ ಆಯಿತು, ಒಂದು ಶಾಲೆಯಲ್ಲಿ ಆಯಾ ಕೆಲಸವೂ ಸಿಕ್ಕಿತು. ಅಕ್ಕನಿಗೆ ಹೇಳಲಿಲ್ಲ. ಅವ್ವನೂ ಹೇಳದೆ ತೀರಿಕೊಂಡಳು. ಆಮೇಲೆ ನಾವಿಬ್ಬರೇ ಆ ಮನೆಯಲ್ಲಿ ಉಳಿದೆವು.

ಕೆಲವು ವರ್ಷ ಕಳೆದು ಗುಡಿಸುವವರ ಕೆಲಸ ಕಾಯಂ ಮಾಡುವ ಪಟ್ಟಿ ಬಂತು. ಅಕ್ಕನ ಹೆಸರಿತ್ತು. ವಯಸ್ಸಿಗೆ ದಾಖಲೆ ಕೇಳಿದರು. ಅವಳ ಆಧಾರ್‌ನಲ್ಲಿ ಅಂದಾಜಿಗೆ ಜನವರಿ ಒಂದು ಎಂದಿತ್ತು. ಅದು ಸಾಲದು, ಜನನ ಪ್ರಮಾಣಪತ್ರ ತನ್ನಿ, ತಿಂಗಳೊಳಗೆ ಕೊಡಿ ಎಂದರು. ಅಕ್ಕ ಕುಣಿಯುತ್ತಾ ಮನೆಗೆ ಬಂದಳು. "ನಂದೇನ್ ಚಿಂತೆ ಇಲ್ಲ ಕಣೆ, ನಾನು ಆಸ್ಪತ್ರೆಲಿ ಉಟ್ಟೋಳು. ಪಾಪ, ಚಾಪೆ ಮೇಲ್ ಉಟ್ಟೋರ್ ಪಾಡು ನೋಡು. ನಾಳೆ ರಜಾ ಆಕು, ಬಂದು ಅದೇನ್ ಬರ್ದವ್ರೆ ಓದು."

ಆ ರಾತ್ರಿ ಹೇಳಬಹುದಿತ್ತು. ಹೇಳಿದರೆ ನನ್ನ ಆಯಾ ಕೆಲಸ ಹೋಗುತ್ತದೆಂಬ ಭಯ. ಕಚೇರಿಯಲ್ಲಿ ಆ ಪುಟ ಸಿಗದೆಯೂ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಅಕ್ಕ ಮದುವೆಗೆ ಉಡುವ ಹಸಿರು ಸೀರೆ ಉಟ್ಟು ಬಂದಳು. ಕಚೇರಿಯಲ್ಲಿ ಗುಮಾಸ್ತರು ಬೇರೆಯವರು, ಈಗ ಕಂಪ್ಯೂಟರ್ ಇತ್ತು. ಪುಟ ಬೇಗನೆ ಸಿಕ್ಕಿತು.

"ಇದಕ್ಕೆ ಆಗ್ಲೇ ಹೆಸರು ಸೇರ್ಸಿದಾರಲ್ಲಮ್ಮ" ಎಂದು ಅವರು ನನ್ನ ಹೆಸರು ಓದಿದರು. ಹುಟ್ಟಿದ ತಾರೀಖನ್ನೂ ಓದಿದರು. "ಇವ್ರು ಯಾರು?"

"ನನ್ ತಂಗಿ ಸಾರ್."

"ಹಂಗಾದ್ರೆ ಇದು ನಿಮ್ದಲ್ಲ. ನಿಮ್ದೇ ಅನ್ನೋದಾದ್ರೆ ಅವ್ರು ಸುಳ್ಳು ಹೇಳಿ ಸೇರ್ಸಿದಾರೆ ಅಂತ ಬರ್ದುಕೊಡಿ. ಅದು ಪೊಲೀಸ್ ಕೇಸು. ಏನ್ ಮಾಡ್ತೀರಾ?"

ನಾನು ಅವಳ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲಿಲ್ಲ. ಸೆರಗನ್ನು ಸರಿ ಮಾಡಿಕೊಂಡಳು.

"ಇಲ್ಲ ಸಾರ್, ಅವ್ಳದ್ದೇ ಇರ್ಬೇಕು. ನಾನೇ ಮನೇಲಿ ಉಟ್ಟಿರೋದು. ನಮ್ಮವ್ವಂಗೆ ಮರೆವು, ತಿರುಗಾಮುರುಗಾ ಏಳ್ತಿದ್ಲು."

"ನಿಮ್ ಜೊತೇಲಿ ಇರೋರು ಯಾರು?"

"ಪಕ್ಕದ್ ಮನೆಯೋರು ಸಾರ್. ಓದಕ್ ಬರುತ್ತೆ ಅಂತ ಕರ್ಕೊಂಬಂದೆ."

ನಾನು ಬಾಯಿ ಬಿಡಲಿಲ್ಲ. ನನ್ನ ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಮೊದಲ ಸುಳ್ಳು ಆಸೆಯಲ್ಲಿ ಬಂದದ್ದು. ಇಲ್ಲಿ ನನ್ನ ಕಣ್ಣೆದುರಿಗೇ ಅಕ್ಕ ತನ್ನ ಹುಟ್ಟನ್ನು ಬಿಟ್ಟುಕೊಡುತ್ತಿದ್ದಳು, ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಪಕ್ಕದ ಮನೆಯವಳಾಗಿ ನಿಂತಿದ್ದೆ. ದಾಖಲೆ ಲಭ್ಯವಿಲ್ಲ ಎಂದು ಬರೆದುಕೊಡುತ್ತೇವೆ, ಅದನ್ನು ಹಿಡಿದು ಕೋರ್ಟಿನಿಂದ ಆದೇಶ ತನ್ನಿ ಎಂದು ಗುಮಾಸ್ತರು ಹೇಳಿದರು.

ಅಕ್ಕ ನನಗಿಂತ ಮುಂದೆ ಬಸ್ ಸ್ಟಾಪಿಗೆ ನಡೆದಳು. ಅಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅವ್ವಂಗೆ ಗೊತ್ತಿತ್ತಾ?"

"ಇಲ್ಲಕ್ಕಾ" ಎಂದೆ. ಅದೂ ಸುಳ್ಳು. ಅವ್ವನನ್ನಾದರೂ ಅವಳಿಗೆ ಉಳಿಸೋಣ ಅನ್ನಿಸಿತು.

ಆದೇಶಕ್ಕೆ ಅಲೆಯುತ್ತಿರುವಾಗಲೇ ತಿಂಗಳು ಮುಗಿದು, ಅಕ್ಕ ಅದನ್ನು ಅಲ್ಲಿಗೇ ಕೈಬಿಟ್ಟಳು. ಜೊತೆಯವರೆಲ್ಲ ಕಾಯಂ ಆದರು. ಅಕ್ಕ ಅದೇ ಕಂಟ್ರಾಕ್ಟಿನಲ್ಲಿ ಅದೇ ರಸ್ತೆ ಗುಡಿಸಿದಳು. ನನ್ನ ಮೇಲೆ ಒಂದು ದಿನವೂ ಕೂಗಾಡಲಿಲ್ಲ. ಮೊದಲಿನಂತೆಯೇ ನನಗೆ ಊಟ ಮುಚ್ಚಿಟ್ಟಳು. ಆದರೆ ಎಷ್ಟೇ ಜಗಳವಾದರೂ ಆಸ್ಪತ್ರೆಯಲ್ಲಿ ಹುಟ್ಟಿದ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಲೆಂದು ನಾನು ಬೇಕಂತಲೇ ಜಗಳ ತೆಗೆದದ್ದೂ ಉಂಟು.

ನಮ್ಮ ಶಾಲೆಯಲ್ಲಿ ಆಯಾಗಳ ಹುಟ್ಟುಹಬ್ಬಕ್ಕೂ ಕೇಕ್ ಕತ್ತರಿಸುತ್ತಾರೆ. ಕಾಗದದ ಪ್ರಕಾರ ನನ್ನ ದಿನ ಬಂದಾಗ ಮಕ್ಕಳು ಹಾಡುತ್ತಾರೆ, ನಾನು ಚಾಕು ಹಿಡಿಯುತ್ತೇನೆ. ಆ ವರ್ಷ ಒಂದು ತುಂಡು ಮನೆಗೆ ತಂದು ಅಕ್ಕನಿಗೆ ಕೊಟ್ಟೆ.

"ಯಾರ್ದೇ ಇದು?"

"ಯಾವ್ದೋ ಮಗೂದು."

ಅವಳು ಕ್ಯಾಲೆಂಡರ್ ಕಡೆ ನೋಡಿದಳು. ಓದು ಬಾರದಿದ್ದರೂ ತಾರೀಖು ಗುರುತಿಸುತ್ತಿದ್ದಳು. ಗುಮಾಸ್ತರು ಓದಿದ ತಾರೀಖನ್ನು ಅವಳು ಮರೆತಿರಲಿಲ್ಲ. ಕೇಕನ್ನು ನಿಧಾನವಾಗಿ ತಿಂದು ಬೆರಳು ನೆಕ್ಕಿ, "ಚೆನ್ನಾಗೈತೆ. ಆ ಮಗು ನೂರು ವರ್ಷ ಬಾಳ್ಲಿ" ಎಂದಳು.

ಅದಾದ ಮೇಲಿನ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಕಾಯಂ ಆದವರಿಗೆ ರಜೆ ಇತ್ತು. ಇವಳು ತಪ್ಪಿಸಿದರೆ ಜಾಗಕ್ಕೆ ಬೇರೆಯವರು ಬರುತ್ತಾರೆಂದು ನಾಲ್ಕು ದಿನ ಜ್ವರದಲ್ಲೇ ಗುಡಿಸಿದಳು. ಐದನೆಯ ದಿನ ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದೆ. ಡೆಂಗ್ಯೂ, ತಡವಾಗಿದೆ ಎಂದರು. ಏಳನೆಯ ದಿನ ಹೋದಳು.

ಸಾವು ಬರೆಸಲು ಅದೇ ಕಚೇರಿಗೆ ಹೋದೆ. ಅಕ್ಕನ ಹೆಸರಿನಲ್ಲಿ ಸರ್ಕಾರ ಕೊಡುವ ಮೊದಲ ಪ್ರಮಾಣಪತ್ರ ಅದು. "ಆಧಾರ್‌ನಲ್ಲಿ ಜನವರಿ ಒಂದು ಅಂತಿದೆ, ಸರಿಯಾದ ಹುಟ್ಟಿದ ದಿನ ಗೊತ್ತಾ?" ಎಂದು ಕೌಂಟರಿನ ಹೆಂಗಸು ಕೇಳಿದರು. ಇದೊಂದನ್ನಾದರೂ ನಿಜ ಹೇಳೋಣವೆಂದು ಆ ತಾರೀಖು, ವರ್ಷ ಎರಡನ್ನೂ ಹೇಳಿದೆ. ಅವರು ಬರೆದುಕೊಂಡರು. ಆಮೇಲೆ ಮಾಹಿತಿ ಕೊಟ್ಟವರ ವಿವರಕ್ಕೆಂದು ನನ್ನ ಆಧಾರ್ ಇಸಿದುಕೊಂಡು, ಕಾರ್ಡನ್ನೂ ಫಾರಂ ಅನ್ನೂ ನೋಡಿ ತಲೆ ಎತ್ತಿದರು.

"ಒಂದೇ ದಿನ! ಅವಳಿಜವಳಿನಾ ನೀವು? ಅಯ್ಯೋ ಪಾಪ" ಎಂದು ಕನಿಕರದಿಂದ ನನ್ನ ಕೈ ಮುಟ್ಟಿದರು.

ನಾನು ಹೌದೆಂದು ತಲೆಯಾಡಿಸಿದೆ.

ನಾವು ಅವಳಿಗಳಲ್ಲ. ಅವಳು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಆ ದಿನ ಅವಳೊಬ್ಬಳೇ ಹುಟ್ಟಿದ್ದು.